120 ವರ್ಷದ ಬೀಟೆ ಕುರ್ಚಿ ಅಂತ ಹೇಳ್ತಿದ್ದಾರೆ, ನಂಬಬಹುದಾ?

ಸರಸ್ವತಿಪುರಂ ಮನೆ

ನಮ್ಮ ಪಡಸಾಲೆಗೆ ಒಂದು ಜೊತೆ ಉದ್ದ ಕೈಯ ಆರಾಮ ಕುರ್ಚಿ ಹುಡುಕುತ್ತಿದ್ದೇನೆ. ಕೊಡಗು, ಚಿಕ್ಕಮಗಳೂರಿನ ತೋಟದ ಬಂಗಲೆಗಳಲ್ಲಿ ಇರುತ್ತವಲ್ಲ, ಕೈಯ ಕೆಳಗಿನ ಪಟ್ಟಿಯನ್ನು ಮುಂದಕ್ಕೆ ತಿರುಗಿಸಿ ಕಾಲು ಚಾಚಬಹುದು, ಆ ಥರದ್ದು. ಮೈಸೂರಿನಲ್ಲೇ ಎರಡು ಕಡೆ ನೋಡಿದೆ. ಒಂದು ಕಡೆ ಜೋಧಪುರದಿಂದ ಬಂದ ಶೀಶಮ್ ಮರದ ಕುರ್ಚಿ. ಹೊಸದು ಅಂತ ಅವರೇ ಹೇಳುತ್ತಾರೆ. ಇನ್ನೊಂದು ಕಡೆ "ಬ್ರಿಟಿಷರ ಕಾಲದ್ದು, 120 ವರ್ಷ ಆಗಿದೆ, ಅಪ್ಪಟ ಬೀಟೆ" ಅಂತ ಹೇಳಿ ಮೂರು ಪಟ್ಟು ಬೆಲೆ ಕೇಳುತ್ತಿದ್ದಾರೆ. ನೋಡಲು ಎರಡನೆಯದು ನಿಜಕ್ಕೂ ಚೆನ್ನಾಗಿದೆ. ಬಣ್ಣ ಮಾಗಿದೆ, ಕೈ ಇಟ್ಟರೆ ನುಣುಪು.

ನನಗೆ ಮರದ ಬಗ್ಗೆ ಜಾಸ್ತಿ ಗೊತ್ತಿಲ್ಲ. ನಿಜವಾಗಿ ಹಳೇದಾದರೆ ಆ ಬೆಲೆ ಕೊಡಲು ಸಿದ್ಧ. ಆದರೆ ಗೊತ್ತು ಮಾಡಿಕೊಳ್ಳುವುದು ಹೇಗೆ? ಅಂಗಡಿಯವರು ಹೇಳಿದ ಮಾತು ಬಿಟ್ಟರೆ ಕೈಯಲ್ಲಿ ಬೇರೇನೂ ಇಲ್ಲ. ತಿಳಿದವರು ಹೇಳಿ.

ಬೆತ್ತದ ಕೆಲಸ

ಬೆತ್ತ ಹೆಣೆಯುವವರ ಮನೆಯವನು ನಾನು. ನನ್ನ ಕಡೆಯಿಂದ ಒಂದು ವಿಷಯ. ಕುರ್ಚಿಯ ಚೌಕಟ್ಟಿನ ಅಂಚಿನಲ್ಲಿ ಸುತ್ತಲೂ ಸಣ್ಣ ತೂತುಗಳಿದ್ದು, ಒಂದೊಂದು ಎಳೆಯೂ ಆ ತೂತಿನೊಳಗೆ ಇಳಿದು ಮೇಲೆ ಬಂದಿದ್ದರೆ ಅದು ಕೈ ಹೆಣಿಗೆ. ಮಷಿನ್ ಹೆಣಿಗೆ ಹಾಳೆಯಾಗಿ ಬರುತ್ತದೆ. ಚೌಕಟ್ಟಿನಲ್ಲಿ ಕಾಲುವೆ ಕೊರೆದು, ಹಾಳೆಯ ಅಂಚನ್ನು ಅದರೊಳಗೆ ಒತ್ತಿ, ಮೇಲೆ ಒಂದು ಬೆತ್ತದ ಪಟ್ಟಿ ಅಂಟಿಸುತ್ತಾರೆ. ಹಳೇದು ಅಂತ ಹೇಳುವ ಕುರ್ಚಿಯಲ್ಲಿ ಕಾಲುವೆ ಕಂಡರೆ ಪ್ರಶ್ನೆ ಕೇಳಿ.

ಬೆತ್ತ ಹೊಸದಾಗಿದೆ ಅಂತ ಮಾತ್ರ ಕುರ್ಚಿಯನ್ನು ಅನುಮಾನಿಸಬೇಡಿ. ಬೆತ್ತ ಒಣಗುತ್ತದೆ, ಹರಿಯುತ್ತದೆ. ಚೌಕಟ್ಟಿನ ಇಡೀ ಆಯುಷ್ಯದಲ್ಲಿ ಎಷ್ಟೋ ಸಲ ಹೆಣಿಗೆ ಬದಲಾಗುತ್ತದೆ. ತೂತಿನ ಬಾಯಿ ನೋಡಿ. ಹಲವು ಸಲ ಎಳೆ ಎಳೆದು ಕಟ್ಟಿದ ತೂತಿನ ಅಂಚು ಉರುಟಾಗಿರುತ್ತದೆ.

ಉಳಿ ಬಾಚಿ

ಮಂಡಿ ಮೊಹಲ್ಲಾದ ಹತ್ತಿರ ನಮ್ಮದು ಮರಗೆಲಸದ ಮನೆ. ತಂದೆ ಕಾಲದಿಂದಲೂ ಕುರ್ಚಿ, ಮೇಜು, ತೂಗುಮಂಚ ಮಾಡುತ್ತೇವೆ. ಹಳೇದನ್ನು ರಿಪೇರಿಯೂ ಮಾಡುತ್ತೇವೆ.

ಕುರ್ಚಿಯನ್ನು ಮೊದಲು ತಲೆಕೆಳಗು ಮಾಡಿ. ಮೋಸ ಮಾಡುವವನು ಮೇಲಿನ ಭಾಗಕ್ಕೆ ಶ್ರಮ ಹಾಕಿರುತ್ತಾನೆ, ಅಡಿಯನ್ನು ಅಷ್ಟು ಗಮನಿಸಿರುವುದಿಲ್ಲ. ಅಡಿಯಲ್ಲಿ ಪಾಲಿಶ್ ಕಾಣದ ಮರ ಇರುತ್ತದೆ. ನೂರು ವರ್ಷ ಗಾಳಿ ತಾಗಿದ ಮರ ಒಣ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ. ಎರಡು ಮರ ಕೂಡಿಕೊಂಡ ಜಾಗದಲ್ಲಿ ಗಾಳಿ ಆಡದೆ ಬಣ್ಣ ಬೇರೆ ಇರುತ್ತದೆ. ಎಲ್ಲ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅದು ಬಳಿದ ಬಣ್ಣ. ಪೊಟ್ಯಾಸಿಯಂ ಪರ್ಮಾಂಗನೇಟ್ ನೀರು ಬಳಿದರೆ ಸಾಕು, ಮರ ಬೇಗ ಕಂದಾಗುತ್ತದೆ. ವಿನೆಗರ್‌ನಲ್ಲಿ ಕಬ್ಬಿಣ ನೆನೆಸಿ ಬಳಿಯುವವರೂ ಇದ್ದಾರೆ. ಒಗರು ಇರುವ ಮರ ಅದಕ್ಕೆ ಕಪ್ಪಾಗುತ್ತದೆ. ಕೆತ್ತನೆಯ ಸಂದಿಗೆ ಕಪ್ಪು ಮೇಣ ತುಂಬಿದರೆ ಹಳೇ ಕೊಳೆ ಕೂತಂತೆ ಕಾಣುತ್ತದೆ.

ಆಮೇಲೆ ಅಡಿಯ ಮೇಲೆ ಅಂಗೈ ಆಡಿಸಿ. ಕೈಯಲ್ಲಿ ತೋಪಡ (ಮರ ಹೆರೆದು ನುಣುಪು ಮಾಡುವ ಉಪಕರಣ) ಹಿಡಿದ ಮರದಲ್ಲಿ ಸಣ್ಣ ಏರಿಳಿತ ಇರುತ್ತದೆ, ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತದೆ. ಮಷಿನ್ ಹೊಡೆದ ಮರ ಸಪಾಟು. ಗರಗಸದ ಗೆರೆ ಉಳಿದಿದ್ದರೆ ಅದನ್ನೂ ನೋಡಿ. ದಿಮ್ಮಿಯನ್ನು ಗುಂಡಿಯ ಮೇಲೆ ಇಟ್ಟು ಮೇಲೊಬ್ಬ ಕೆಳಗೊಬ್ಬ ಎಳೆದ ಗರಗಸದ ಗೆರೆ ನೇರ, ಆದರೆ ಸಮ ಅಲ್ಲ. ಕಮಾನಿನ ಹಾಗೆ ಬಾಗಿದ್ದರೆ ಅದು ತಿರುಗುವ ಗರಗಸದ್ದು. ತಿರುಗುವ ಗರಗಸ 19ನೇ ಶತಮಾನದಲ್ಲೇ ಬಳಕೆಗೆ ಬಂದಿತ್ತು, ಆದ್ದರಿಂದ ಅದೊಂದನ್ನೇ ನೋಡಿ ತೀರ್ಪು ಕೊಡಬೇಡಿ.

ಸ್ಕ್ರೂ ಒಂದನ್ನು ಬಿಚ್ಚಿ ತೋರಿಸಿ ಅಂತ ಕೇಳಿ. ತಲೆಯ ಮೇಲೆ ಪ್ಲಸ್ ಗುರುತು ಇರುವ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಅದಕ್ಕಿಂತ ಮೊದಲಿನ ಕುರ್ಚಿಯಲ್ಲಿ ಒಂದೇ ಸೀಳು ಇರಬೇಕು. ರಿಪೇರಿಯಲ್ಲಿ ಬದಲಾಯಿಸಿರಬಹುದು, ಅದು ತಪ್ಪಲ್ಲ. ಹಾಗಿದ್ದರೆ ಪಕ್ಕದಲ್ಲಿ ಹಳೇ ತೂತಿನ ಗುರುತು ಇರಬೇಕು, ಕಬ್ಬಿಣ ತಾಗಿ ಸುತ್ತ ಮರ ಕಪ್ಪಾಗಿರಬೇಕು. ಸಂದಿನಲ್ಲಿ ಬಿಳಿ ಗೋಂದು ಒಸರಿ ಒಣಗಿದ್ದರೆ ಅದೂ ಈಚಿನದು. ಫೆವಿಕಾಲ್ ಬಂದದ್ದೇ 1959ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ಬಳಸುತ್ತಿದ್ದದ್ದು ಕಾಯಿಸಿ ಹಚ್ಚುವ ಮರವಜ್ರ, ಪ್ರಾಣಿಯ ತೊಗಲು, ಮೂಳೆಯಿಂದ ಮಾಡಿದ ಅಂಟು.

ಇನ್ನೊಂದು ಪರೀಕ್ಷೆ ನನಗೆ ತುಂಬಾ ನಂಬಿಕೆಯದು. ಮರ ಉದ್ದಕ್ಕೆ ಕುಗ್ಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ, ಅಡ್ಡಕ್ಕೆ ಕುಗ್ಗುತ್ತದೆ. ಕಡೆದು ಗುಂಡಗೆ ಮಾಡಿದ ಕಾಲು ಹಲವು ದಶಕ ಕಳೆದ ಮೇಲೆ ಪೂರ್ತಿ ಗುಂಡಗೆ ಉಳಿಯುವುದಿಲ್ಲ. ಕ್ಯಾಲಿಪರ್ ಹಿಡಿದು ಎರಡು ದಿಕ್ಕಿನಲ್ಲಿ ಅಳೆದರೆ ವ್ಯತ್ಯಾಸ ಸಿಗುತ್ತದೆ. ಗುಂಡು ಮೇಜಿನಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ. ಬಣ್ಣ ಬಳಿದು, ಸರಪಳಿಯಲ್ಲಿ ಹೊಡೆದು ಹಳೇದು ಮಾಡಬಹುದು. ಇದನ್ನು ನಕಲು ಮಾಡುವುದು ಕಷ್ಟ.

ವಿಜಯನಗರ ಎರಡನೇ ಹಂತ

ಇಷ್ಟೆಲ್ಲ ಯಾಕೆ ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ. ಕುರ್ಚಿ ಕೂರುವುದಕ್ಕೆ. ಹೊಸದು ಗಟ್ಟಿಯಾಗಿದ್ದು ಚೆನ್ನಾಗಿ ಕಂಡರೆ ಸಾಕಲ್ವಾ? ನಮ್ಮ ಮನೆಯಲ್ಲಿ ಜೋಧಪುರದ ಮಾವಿನ ಮರದ ಊಟದ ಮೇಜು ಇದೆ. ಮಕ್ಕಳು ಅದರ ಮೇಲೆ ಬರೆಯುತ್ತಾರೆ, ಹಾಲು ಚೆಲ್ಲುತ್ತಾರೆ. ನೂರು ವರ್ಷದ್ದಾಗಿದ್ದರೆ ನಾನು ದಿನವಿಡೀ ಅದನ್ನು ಕಾಯುತ್ತಾ ಕೂರಬೇಕಿತ್ತು. ಹೊಸ ಸಾಮಾನು ಕೊಂಡವರಿಗೆ ರುಚಿ ಇಲ್ಲ ಅನ್ನುವ ಹಾಗೆ ಮಾತಾಡುವುದು ನನಗೆ ಹಿಡಿಸುವುದಿಲ್ಲ.

ಉಳಿ ಬಾಚಿ

ಮೇಡಂ, ನಿಮ್ಮ ಮಾತು ಒಪ್ಪುತ್ತೇನೆ. ಹೊಸದು ಮಾಡಿಯೇ ನಾವು ಊಟ ಮಾಡುವುದು. ಹೊಸದನ್ನು ಹೊಸದು ಅಂತ ಮಾರಿದರೆ ಯಾರಿಗೂ ತೊಂದರೆ ಇಲ್ಲ. ಮಾವಿನ ಮರ ಊಟದ ಮೇಜಿಗೆ ಸಾಕು, ಹುಳ ಹತ್ತದಂತೆ ಮದ್ದು ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ. ಸರಸ್ವತಿಪುರಂನವರ ಪ್ರಶ್ನೆ ಬೇರೆ. ಅವರ ಹತ್ತಿರ ಕೇಳುತ್ತಿರುವುದು 120 ವರ್ಷದ ಬೆಲೆ.

ಸರಸ್ವತಿಪುರಂ ಮನೆ

ಹೋಗಿ ನೋಡಿ ಬಂದೆ. ಅಂಗಡಿಯವರು ಬೇಡ ಅನ್ನಲಿಲ್ಲ, ಕುರ್ಚಿ ಮಗುಚಲು ಹುಡುಗರನ್ನೇ ಕೊಟ್ಟರು. ಕಂಡದ್ದನ್ನು ಹಾಗೆಯೇ ಬರೆಯುತ್ತೇನೆ.

ಮರ ಹಳೇದೇ ಅನ್ನಿಸಿತು. ಅಡಿ ಒಣಗಿದೆ, ಕಂದು ಬಣ್ಣ ಇದೆ. ಆದರೆ ಹಿಂದಿನ ಕಾಲಿನ ಒಳಮೈಯಲ್ಲಿ ಒಂದು ಚೌಕದ ತೂತಿಗೆ ಬೇರೆ ಮರದ ತುಂಡು ಬಡಿದು ಮುಚ್ಚಿದ್ದಾರೆ. ಆ ಜಾಗದಲ್ಲಿ ಕುರ್ಚಿಗೆ ಯಾವ ತೂತೂ ಬೇಕಿಲ್ಲ. ಸೀಟಿನ ಕೆಳಪಟ್ಟಿಯಲ್ಲಿ ಹುಳ ತಿಂದ ಗುರುತಿದೆ, ಆದರೆ ತೂತಿನ ಹಾಗೆ ಇಲ್ಲ, ಮೇಲ್ಮೈ ಮೇಲೆ ಉದ್ದಕ್ಕೆ ಹರಿದ ಸಣ್ಣ ಕಾಲುವೆಗಳಂತೆ ಇದೆ. ಸ್ಕ್ರೂಗಳಿಗೆ ಒಂದೇ ಸೀಳು. ಕಾಲು ಅಳೆದೆ, ಎರಡೂ ದಿಕ್ಕಿನಲ್ಲಿ ಒಂದೇ ಅಳತೆ ಬಂತು.

ಕಾರ್ಬನ್ ಪರೀಕ್ಷೆ ಅಂತ ಕೇಳಿದ್ದೇನೆ. ಅದನ್ನು ಮಾಡಿಸಿದರೆ ಗೊತ್ತಾಗುತ್ತದೆಯೇ?

ಉಳಿ ಬಾಚಿ

ನೀವು ಬರೆದದ್ದರಲ್ಲೇ ಉತ್ತರ ಇದೆ. ಮರ ಹಳೇದು, ಕುರ್ಚಿ ಹೊಸದು.

ಕುಟ್ಟೆ ಹುಳ ಮರದ ಒಳಗೆ ತಿನ್ನುತ್ತದೆ. ಹೊರಗೆ ಬರುವಾಗ ಸಣ್ಣ ದುಂಡು ತೂತು ಮಾಡಿ ಬರುತ್ತದೆ. ಅದು ತಿಂದ ದಾರಿ ಹೊರಗೆ ಕಾಣಬಾರದು. ಕಾಲುವೆ ಹಾಗೆ ಉದ್ದಕ್ಕೆ ಕಾಣುತ್ತಿದ್ದರೆ, ಹುಳ ತಿಂದು ಮುಗಿಸಿದ ಮೇಲೆ ಆ ಮರವನ್ನು ಸೀಳಿದ್ದಾರೆ, ಇಲ್ಲವೇ ತೋಪಡ ಹಿಡಿದಿದ್ದಾರೆ ಅಂತ ಅರ್ಥ. ಬೀಟೆಯ ಚೇಗನ್ನು, ಅಂದರೆ ಒಳಗಿನ ಗಟ್ಟಿ ಭಾಗವನ್ನು, ಕುಟ್ಟೆ ಹುಳ ಮುಟ್ಟುವುದಿಲ್ಲ, ಹೊರಗಿನ ಬಿಳಿ ಭಾಗವನ್ನು ಮಾತ್ರ ತಿನ್ನುತ್ತದೆ. ಹಾಗಾಗಿ ಆ ಪಟ್ಟಿಯಲ್ಲಿ ಬಿಳಿ ಭಾಗ ಇದೆ, ಅದಕ್ಕೆ ಬಣ್ಣ ಬಳಿದಿದ್ದಾರೆ. ಅಥವಾ ಅದು ಬೀಟೆಯೇ ಅಲ್ಲ. ಅಡಿಯಲ್ಲಿ ಸ್ವಲ್ಪ ಕೆರೆದು ಮೂಸಿ ನೋಡಿ. ಬೀಟೆಗೆ ಸಿಹಿ ವಾಸನೆ ಇದೆ.

ಚೌಕದ ತೂತು ಮುಚ್ಚಿದ್ದು ಹಳೇ ಮನೆಯ ಮರದ್ದು. ಬಾಗಿಲುವಾಡ ಅಥವಾ ತೊಲೆಯಲ್ಲಿ ಇನ್ನೊಂದು ಮರ ಕೂರಿಸಿದ್ದ ಜಾಗ. ಕಾಲು ಈಗಲೂ ಸರಿಯಾಗಿ ಗುಂಡಗಿದೆ ಅಂದರೆ ಕಡೆದು ತುಂಬಾ ಕಾಲ ಆಗಿಲ್ಲ.

ಕಾರ್ಬನ್ ಪರೀಕ್ಷೆಗೆ ದುಡ್ಡು ಹಾಕಬೇಡಿ. ಅದು ಹೇಳುವುದು ಮರ ಬೆಳೆದ ಕಾಲವನ್ನು. ಕುರ್ಚಿ ಮಾಡಿದ ಕಾಲ ಅದರಿಂದ ಗೊತ್ತಾಗುವುದಿಲ್ಲ.

ಮಾನಸಗಂಗೋತ್ರಿ

ಅದಕ್ಕೊಂದು ಮಾತು ಸೇರಿಸುತ್ತೇನೆ. ಸುಮಾರು 1650ರಿಂದ 1950ರ ನಡುವಿನ ವಸ್ತುಗಳಿಗೆ ಕಾರ್ಬನ್ ಪರೀಕ್ಷೆ ಒಂದೇ ಖಚಿತ ಉತ್ತರ ಕೊಡುವುದಿಲ್ಲ. ಆ ಅವಧಿಯಲ್ಲಿ ಗಾಳಿಯ ಕಾರ್ಬನ್-14 ಪ್ರಮಾಣ ಏರಿಳಿದಿದೆ, ಹಾಗಾಗಿ ಒಂದೇ ಫಲಿತಾಂಶ ಹಲವು ದಶಕಗಳಿಗೆ ಹೊಂದುತ್ತದೆ. ಪೀಠೋಪಕರಣದ ವ್ಯಾಪಾರದಲ್ಲಿ ನಮಗೆ ಬೇಕಾಗಿರುವುದೇ ಆ ಅವಧಿ.

ಬದಲಿಗೆ ಸಣ್ಣ ಯುವಿ ಟಾರ್ಚ್ ಒಂದನ್ನು ಇಟ್ಟುಕೊಳ್ಳಿ, ನೋಟು ಪರೀಕ್ಷೆಗೆ ಬಳಸುತ್ತಾರಲ್ಲ, ಅದೇ. ಕತ್ತಲಲ್ಲಿ ಹಿಡಿದರೆ ಅರಗಿನ ಪಾಲಿಶ್ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ. ಹೊಸ ಕಾಲದ ಲ್ಯಾಕರ್‌ಗಳು ಹಾಗೆ ಹೊಳೆಯುವುದಿಲ್ಲ. ರಿಪೇರಿ ಮಾಡಿ ತೇಪೆ ಹಾಕಿದ ಜಾಗ ಬೇರೆಯಾಗಿ ಎದ್ದು ಕಾಣುತ್ತದೆ.

ಪಾಂಡವಪುರದ ತೊಟ್ಟಿಮನೆ

ಆ ಚೌಕದ ತೂತಿನ ವಿಷಯ ಓದಿ ಸುಮ್ಮನಿರಲು ಆಗಲಿಲ್ಲ. ಆ ಮರ ಎಲ್ಲಿಂದ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು.

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ತೊಟ್ಟಿಮನೆಗಳಿವೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಕಂಬ ಕೊಟ್ಟ ಪಡಸಾಲೆ, ಒಳಗೆ ನಡುಮನೆ, ಮೇಲೆ ಅಟ್ಟ. ಕಂಬ, ಬೋದಿಗೆ, ತೊಲೆ, ಬಾಗಿಲು ಎಲ್ಲವೂ ಮರ. ತೇಗ, ಹೊನ್ನೆ, ಹಲಸು, ಅವರವರ ಶಕ್ತಿಗೆ ತಕ್ಕಂತೆ. ಈಗ ಮನೆ ಬೀಳುವ ಮೊದಲೇ ಬ್ರೋಕರ್ ಬರುತ್ತಾನೆ. ಕಂಬ ತಟ್ಟಿ ನೋಡುತ್ತಾನೆ, ಬಾಗಿಲುವಾಡ ಅಳೆಯುತ್ತಾನೆ, ಘನ ಅಡಿ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. ಮನೆಯವರಿಗೆ ಮನೆಗಿಂತ ಮರಕ್ಕೇ ಜಾಸ್ತಿ ದುಡ್ಡು ಬರುತ್ತದೆ ಅಂತ ಅನ್ನಿಸಿಬಿಡುತ್ತದೆ. ಹೆಂಚು ಇಳಿಯುತ್ತದೆ, ಗೋಡೆ ಮಣ್ಣಾಗುತ್ತದೆ, ಮರ ಲಾರಿ ಹತ್ತುತ್ತದೆ.

ಹಾಗೆ ಹೋದ ಬಾಗಿಲುವಾಡ ಬಾಗಿಲುವಾಡವಾಗಿ ಉಳಿದರೆ ನನಗೆ ಇಷ್ಟು ಬೇಜಾರಿಲ್ಲ. ಅದರ ಮೇಲೆ ಲಕ್ಷ್ಮಿ ಕೆತ್ತಿರುತ್ತಾರೆ, ಹೊಸ್ತಿಲಿಗೆ ತಲೆತಲಾಂತರದಿಂದ ಅರಿಶಿನ ಹಚ್ಚಿರುತ್ತಾರೆ. ಅದನ್ನು ಸೀಳಿ ಇಂಗ್ಲಿಷ್ ನಮೂನೆಯ ಕುರ್ಚಿ ಮಾಡಿ, ಬ್ರಿಟಿಷರ ಕಾಲದ್ದು ಅಂತ ಮಾರುವುದು ಎರಡು ಸಲ ಕಳವು ಮಾಡಿದ ಹಾಗೆ. ಮನೆಯ ಹಳೇತನವೂ ಹೋಯಿತು, ಕುರ್ಚಿಯ ಹಳೇತನವೂ ಸುಳ್ಳು. "ಹಳೇ ಮರ" ಅನ್ನುವ ಮಾತಿಗೆ ಪೇಟೆಯಲ್ಲಿ ಎಷ್ಟು ಬೆಲೆ ಏರುತ್ತದೋ ಅಷ್ಟು ಬೇಗ ನಮ್ಮ ಮನೆಗಳು ಬೀಳುತ್ತವೆ.

ನಾಗಮಂಗಲ ರಸ್ತೆ

ಅಣ್ಣ, ನೋವು ಅರ್ಥವಾಗುತ್ತದೆ. ಆದರೆ ಮನೆ ಬೀಳುವುದು ಬ್ರೋಕರ್‌ನಿಂದ ಮಾತ್ರ ಅಲ್ಲ. ನಮ್ಮ ತಾತನ ಮನೆ ಪಾಲಾಯಿತು. ತೊಟ್ಟಿಯ ನಡುವೆ ಗೋಡೆ ಎದ್ದಿತು, ಒಂದು ಕಡೆಯವರು ಬೆಂಗಳೂರಿಗೆ ಹೋದರು. ಹೆಂಚು ಸರಿದು ಮಳೆ ನೀರು ತೊಲೆಗೆ ಇಳಿಯಿತು. ನಾವು ಮಾರಲಿಲ್ಲ, ಗೆದ್ದಲು ತಿಂದಿತು. ಈಗ ಒಂದು ಮಣೆಗೆ ಆಗುವಷ್ಟು ಮರವೂ ಇಲ್ಲ. ಯಾರಾದರೂ ಅದನ್ನು ಕೊಂಡು ಮೇಜು ಮಾಡಿದ್ದರೆ ಎಲ್ಲೋ ಒಂದು ಕಡೆ ಇರುತ್ತಿತ್ತಲ್ಲ ಅಂತ ನನಗೆ ಅನ್ನಿಸುತ್ತದೆ. ಹೊಸ ಬೀಟೆ ಕಡಿಯುವುದಕ್ಕಿಂತ ಹಳೇ ಮರ ಮತ್ತೆ ಬಳಸುವುದು ಕಾಡಿಗೂ ಒಳ್ಳೆಯದು.

ಪಾಂಡವಪುರದ ತೊಟ್ಟಿಮನೆ

ಮತ್ತೆ ಬಳಸುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಎಲ್ಲಿಂದ ಬಂದ ಮರ ಅಂತ ಹೇಳಿ ಮಾರಲಿ. "ಮಂಡ್ಯ ಕಡೆಯ ತೊಟ್ಟಿಮನೆಯ ತೊಲೆಯಿಂದ ಈ ವರ್ಷ ಮಾಡಿದ ಮೇಜು" ಅಂತ ಬರೆದು ಮಾರಿದರೆ ಅದನ್ನು ನಾನೇ ಕೊಳ್ಳುತ್ತೇನೆ. ಆ ಮನೆಯ ಮಾತು ಅದರಲ್ಲಿ ಉಳಿಯುತ್ತದೆ.

ಉಳಿ ಬಾಚಿ

ಇದನ್ನು ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಹೇಳಿಬಿಡುತ್ತೇನೆ.

ನಮ್ಮ ತಂದೆ ಒಂದು ಬರೆಯುವ ಮೇಜು ಮಾಡಿದ್ದರು. ಶಾನುಭೋಗರು ನೆಲದ ಮೇಲೆ ಕೂತು ಬರೆಯುತ್ತಿದ್ದರಲ್ಲ, ಆ ಮಾದರಿ, ಮುಚ್ಚಳ ಇಳಿಜಾರು. ಡ್ರಾಯರ್‌ನ ಮೂಲೆಗಳಿಗೆ ಡವ್‌ಟೇಲ್ ಸಂದು (ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳ ಜೋಡಣೆ), ಎಲ್ಲ ಕೈಯಲ್ಲೇ ಕತ್ತರಿಸಿದ್ದು. ಮೈಸೂರು ಇನ್‌ಲೇ ಕೆಲಸದ, ಅಂದರೆ ಮರದಲ್ಲಿ ಬೇರೆ ಬಣ್ಣದ ಚೂರು ಕೂರಿಸಿ ಚಿತ್ರ ಮಾಡಿದ, ಅಂಚು ಇತ್ತು. ಒಬ್ಬ ವ್ಯಾಪಾರಿ ಆರ್ಡರ್ ಕೊಟ್ಟು ಮಾಡಿಸಿಕೊಂಡು ಹೋದ. ಕೆಲವು ತಿಂಗಳ ಮೇಲೆ ಅದೇ ಮೇಜನ್ನು ಬೇರೆ ಊರಿನ ಅಂಗಡಿಯಲ್ಲಿ ನಾನು ನೋಡಿದೆ. ಅಂಚು ಉಜ್ಜಿದ್ದರು, ಒಂದು ಮೂಲೆ ಚಕ್ಕೆ ಎಬ್ಬಿಸಿದ್ದರು, ಶಾಯಿ ಚೆಲ್ಲಿದ್ದರು. ಅಡಿಯಲ್ಲಿ ತಂದೆ ಪೆನ್ಸಿಲ್‌ನಲ್ಲಿ ಬರೆದಿದ್ದ ಹೆಸರು, ತಾರೀಖು ಕೆರೆದು ತೆಗೆದಿದ್ದರು. ಚೀಟಿಯಲ್ಲಿ ಅರಮನೆ ಕಾಲದ್ದು ಅಂತ ಇತ್ತು.

ಎಲ್ಲರೂ ಕೊಂಡವನಿಗೆ ಆದ ಮೋಸ ಮಾತ್ರ ಹೇಳುತ್ತಾರೆ. ಮಾಡಿದವನಿಗೆ ಆದದ್ದು ಯಾರೂ ಹೇಳುವುದಿಲ್ಲ. ನಮ್ಮ ತಂದೆ ಬದುಕಿದ್ದಾಗಲೇ ಅವರ ಕೈಕೆಲಸವನ್ನು ಹೆಸರಿಲ್ಲದ ಯಾರದೋ ಹಳೇ ಕೆಲಸ ಮಾಡಿಬಿಟ್ಟರು. ಆ ಮೇಜಿಗೆ ಬಂದ ಬೆಲೆ ಕೆಲಸ ಚೆನ್ನಾಗಿದ್ದದ್ದಕ್ಕೇ ಬಂದದ್ದು. ಹಾಗಾದರೆ ಇಂದಿನ ಮೈಸೂರಿನ ಆಚಾರಿ ಮಾಡಿದ್ದು ಅಂತ ಹೇಳಿ ಅದೇ ಬೆಲೆ ಯಾಕೆ ಕೊಡಬಾರದು? ನಮ್ಮ ಇನ್‌ಲೇ ಕೆಲಸಕ್ಕೆ 2005-06ರ ಹೊತ್ತಿಗೇ ಜಿಐ ಗುರುತು (ಇಂಥ ಊರಿನದ್ದೇ ಕೆಲಸ ಅನ್ನುವ ಭೌಗೋಳಿಕ ಗುರುತು) ಸಿಕ್ಕಿದೆ. ಆ ಹೆಮ್ಮೆ ಕೆಲಸ ಮಾಡುವವನ ಹೆಸರಿಗೂ ಸಿಗಬೇಕು.

ಈಗ ನಾನು ಮಾಡುವ ಪ್ರತಿ ಸಾಮಾನಿನ ಒಳಸಂದಿನಲ್ಲಿ ಹೆಸರು, ವರ್ಷ ಉಳಿಯಲ್ಲಿ ಕೊರೆಯುತ್ತೇನೆ. ಸಂದು ಬಿಚ್ಚದೆ ಅದನ್ನು ಅಳಿಸಲಾಗುವುದಿಲ್ಲ.

ಕೆ.ಆರ್. ಮೊಹಲ್ಲಾ

ಓದಿ ಮನಸ್ಸು ಭಾರವಾಯಿತು. ಈ ಮಾತಿಗೆ ಇತಿಹಾಸದ ಆಧಾರವೂ ಇದೆ.

ನಾವು ಇಂದು ಹಳೇದು ಅಂತ ಕೈ ಮುಗಿಯುವ ಎಷ್ಟೋ ಸಾಮಾನು ಅದರ ಕಾಲದಲ್ಲಿ ನಕಲೇ. ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ತನ್ನ ಪೀಠೋಪಕರಣದ ನಕ್ಷೆಗಳನ್ನು ಅಚ್ಚು ಹಾಕಿಸಿದ. ಅದನ್ನು ನೋಡಿ ದೇಶವಿದೇಶದ ಬಡಗಿಗಳು ಕುರ್ಚಿ ಮಾಡಿದರು. 19ನೇ ಶತಮಾನದಲ್ಲಿ ಅದೇ ಮಾದರಿಗೆ ಮತ್ತೆ ಬೇಡಿಕೆ ಬಂತು, ಇಂಗ್ಲೆಂಡಿನಲ್ಲೇ ರಾಶಿ ರಾಶಿ ನಕಲು ಬಂದವು. ಆ ನಕಲುಗಳಿಗೇ ಈಗ ನೂರು ದಾಟಿದೆ. ಅವು ಆಂಟಿಕ್ ಹೌದು, ಆದರೆ ಚಿಪ್ಪೆಂಡೇಲ್ ಕಾಲದ್ದಲ್ಲ. ಎರಡನ್ನೂ ಬೇರೆಬೇರೆಯಾಗಿ ಹೇಳಬೇಕು.

ನಮ್ಮ ಅರಮನೆ ನೋಡಿ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟಿತು. ಹೆನ್ರಿ ಇರ್ವಿನ್ ನಕ್ಷೆಯ ಮೇಲೆ ಕಟ್ಟಿದ ಈಗಿನದು ಮುಗಿದದ್ದು 1912ರಲ್ಲಿ. ಅದರ ಅಂಬಾವಿಲಾಸ ಸಭಾಂಗಣದಲ್ಲಿ ದಂತ ಕೂರಿಸಿದ ಬೀಟೆ ಬಾಗಿಲು ಇದೆಯಲ್ಲ, ಅದನ್ನು ಮಾಡಿದ ದಿನ ಅದೂ ಹೊಸ ಕೆಲಸವೇ. ಆವತ್ತು ಅದನ್ನು ಹಳೇದು ಅಂತ ಯಾರೂ ಮಾರಲಿಲ್ಲ, ಚೆನ್ನಾಗಿದೆ ಅಂತ ಮಾಡಿಸಿದರು. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1906ರಲ್ಲಿ. ಇಂಥ ಕೆಲಸಗಳನ್ನು ಹೊಸ ಹುಡುಗರಿಗೆ ಕಲಿಸಲೆಂದೇ ಆ ಸಂಸ್ಥೆ ಇದ್ದದ್ದು.

ಕಣ್ಣು ಪಳಗಬೇಕಾದರೆ ಅಂಗಡಿಗೆ ಹೋಗುವ ಮೊದಲು ಅಂಬಾವಿಲಾಸ, ಜಗನ್ಮೋಹನ ಅರಮನೆಯ ಗ್ಯಾಲರಿ, ರೈಲು ಮ್ಯೂಸಿಯಂನಲ್ಲಿರುವ ಮಹಾರಾಣಿಯವರ ಸಲೂನ್ ಬೋಗಿ ನೋಡಿ ಬನ್ನಿ. ನಿಜವಾದ ಕಾಲದ ಮರಗೆಲಸ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ.

ಕೋರ್ಟು ರಸ್ತೆ

ಕಾನೂನಿನ ವಿಷಯ ಯಾರೂ ಎತ್ತಿಲ್ಲ. 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ 1976ರಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಕಡಿಮೆ ಇಲ್ಲದ ಕಲೆ ಅಥವಾ ಕುಶಲ ಕೆಲಸದ ವಸ್ತು ಅದರ ವ್ಯಾಪ್ತಿಗೆ ಬರುತ್ತದೆ. ಅಂಥದ್ದನ್ನು ಮಾರುವ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಆದ್ದರಿಂದ 120 ವರ್ಷ ಅಂತ ಗಟ್ಟಿಯಾಗಿ ಹೇಳುವವರ ಹತ್ತಿರ ಲೈಸೆನ್ಸ್ ಕೇಳಿ. ಕೇಳುವ ಹಕ್ಕು ನಿಮಗಿದೆ.

ವಿದೇಶದಲ್ಲಿರುವ ಮಕ್ಕಳಿಗೆ ಬೀಟೆ ಸಾಮಾನು ಕಳಿಸುವವರಿಗೆ ಇನ್ನೊಂದು ವಿಷಯ. ಬೀಟೆ, ಶೀಶಮ್ ಸೇರಿದ ಡಾಲ್ಬರ್ಜಿಯಾ ಜಾತಿಯ ಹೆಚ್ಚುಕಡಿಮೆ ಎಲ್ಲ ಮರಗಳೂ 2017ರ ಜನವರಿಯಿಂದ ಸೈಟಿಸ್ (ಅಪಾಯದಲ್ಲಿರುವ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ, ಹೊರದೇಶಕ್ಕೆ ಕಳಿಸಲು ಪರವಾನಗಿ ಬೇಕು. 2019ರಲ್ಲಿ ಸಡಿಲಿಕೆ ಬಂತು. ಒಂದೊಂದು ಸಿದ್ಧ ವಸ್ತುವಿನಲ್ಲಿರುವ ಆ ಮರದ ತೂಕ 10 ಕಿಲೋ ಒಳಗಿದ್ದರೆ ತೊಂದರೆ ಇಲ್ಲ. ಆರಾಮ ಕುರ್ಚಿ ಆ ಮಿತಿಯಲ್ಲಿ ಬರುವುದು ಕಷ್ಟ.

ಬಿಲ್‌ನಲ್ಲಿ ಮಾಡಿದ ಕಾಲ, ಮರದ ಹೆಸರು, ಯಾವ ಭಾಗ ಬದಲಾಗಿದೆ ಅನ್ನುವುದನ್ನು ಬರೆಸಿಕೊಳ್ಳಿ. ಬರೆದು ಕೊಟ್ಟದ್ದು ಸುಳ್ಳಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಬಾಯಿ ಮಾತಿಗೆ ಸಾಕ್ಷಿ ಎಲ್ಲಿಂದ ತರುತ್ತೀರಿ?

ಸರಸ್ವತಿಪುರಂ ಮನೆ

ಅದನ್ನೇ ಕೇಳಿದೆ. ಬಿಲ್‌ನಲ್ಲಿ "ಮರದ ಕುರ್ಚಿ" ಅಂತ ಮಾತ್ರ ಬರೆಯುತ್ತೇವೆ, ವರ್ಷ ಬರೆಯುವ ಪದ್ಧತಿ ಇಲ್ಲ ಎಂದರು. ಬೇಡ ಅಂತ ಹೇಳಿ ಬಂದೆ. ಉಳಿ ಬಾಚಿಯವರೇ, ಈ ಮಾದರಿಯ ಕುರ್ಚಿ ನೀವೇ ಮಾಡಿಕೊಡುವಿರಾ? ಹೆಸರು, ವರ್ಷ ಒಳಗೆ ಬೇಡ, ಹೊರಗೆ ಕಾಣುವ ಕಡೆಯೇ ಕೊರೆಯಿರಿ.

ಉಳಿ ಬಾಚಿ

ಮಾಡಿಕೊಡುತ್ತೇನೆ. ಬೀಟೆಯೇ ಬೇಕು ಅಂತ ಹಟ ಬೇಡ, ಒಳ್ಳೆಯ ತೇಗದಲ್ಲಿ ಮಾಡೋಣ. ತೂಕವೂ ಕಡಿಮೆ, ಎತ್ತಿ ಇಡಲು ಸುಲಭ. ಕೈ ಹೆಣಿಗೆಯ ಬೆತ್ತ ಹಾಕಿಸೋಣ.

ಅಗ್ರಹಾರದ ಅಜ್ಜಿಮನೆ

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಬೀಟೆ ಪೆಟ್ಟಿಗೆ ಇದೆ. ಮುಚ್ಚಳದ ಮೇಲೆ ಬಿಳಿ ಬಣ್ಣದ ಆನೆ, ಬಳ್ಳಿ ಕೂರಿಸಿದ್ದಾರೆ. ಅದು ದಂತವೇ? ಮಾರಬೇಕು ಅಂತ ಅಣ್ಣ ಹೇಳುತ್ತಿದ್ದಾನೆ. ಮುಚ್ಚಳದ ಒಂದು ಅಂಚು ಅಂಟು ಬಿಟ್ಟಿದೆ. ಪಾಲಿಶ್ ಅಂಗಡಿಯವರು ಪೂರ್ತಿ ಕೆರೆದು ಹೊಸದರಂತೆ ಹೊಳೆಯಿಸಿ ಕೊಡುತ್ತೇವೆ ಎನ್ನುತ್ತಾರೆ.

ಕೋರ್ಟು ರಸ್ತೆ

ದಂತವಾಗಿದ್ದರೆ ಮಾರುವ ಮಾತು ಬೇಡ. ಭಾರತದ ಆನೆಯ ದಂತದ ವ್ಯಾಪಾರ 1986ರಲ್ಲಿ ನಿಷೇಧವಾಯಿತು, ಆಫ್ರಿಕಾದ ದಂತದ್ದು 1991ರಲ್ಲಿ. ಹಳೇದು ಅನ್ನುವುದು ಮಾರಾಟಕ್ಕೆ ರಿಯಾಯಿತಿ ಅಲ್ಲ. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಮನೆಯಲ್ಲಿ ಇಟ್ಟುಕೊಳ್ಳಲು ಏನು ದಾಖಲೆ ಬೇಕು ಅಂತ ತಿಳಿದುಕೊಳ್ಳಿ.

ಉಳಿ ಬಾಚಿ

ಭೂತಗನ್ನಡಿ ಹಿಡಿದು ನೋಡಿ. ದಂತವನ್ನು ಅಡ್ಡ ಕೊಯ್ದ ಮೈಯಲ್ಲಿ ಸಣ್ಣ ಗೆರೆಗಳು ಒಂದನ್ನೊಂದು ಅಡ್ಡ ಹಾಯ್ದು ಬಲೆಯಂತೆ ಕಾಣುತ್ತವೆ. ಉದ್ದಕ್ಕೆ ಕೊಯ್ದದ್ದಾದರೆ ಬಲೆ ಕಾಣದು, ಅಲೆಯಂಥ ಗೆರೆ ಮಾತ್ರ ಇರುತ್ತದೆ. ಮೂಳೆಯಾದರೆ ಸಣ್ಣ ಕಪ್ಪು ಚುಕ್ಕೆಗಳಿರುತ್ತವೆ. ಏನೂ ಇಲ್ಲದೆ ಒಂದೇ ಬಿಳುಪು ಇದ್ದರೆ ಪ್ಲಾಸ್ಟಿಕ್. ನಿಷೇಧ ಬಂದ ಮೇಲೆ ಮೈಸೂರಿನಲ್ಲಿ ಪ್ಲಾಸ್ಟಿಕ್ ಬಳಸಿದ್ದಾರೆ, ಈಗ ಬಣ್ಣಬಣ್ಣದ ಮರಗಳನ್ನೇ ಕೂರಿಸುತ್ತೇವೆ, ಹಳದಿಗೆ ಹಲಸು ಹೀಗೆ. ಬಿಸಿ ಸೂಜಿ ಚುಚ್ಚಿ ನೋಡುವ ಕೆಲಸ ಮಾತ್ರ ಮಾಡಬೇಡಿ, ಗುರುತು ಹೋಗುವುದಿಲ್ಲ.

ಕೆರೆಯಲು ಖಂಡಿತ ಕೊಡಬೇಡಿ. ಕೂರಿಸಿದ ಚೂರುಗಳು ತೆಳ್ಳಗಿರುತ್ತವೆ. ಅದರ ಮೇಲೆ ಆನೆಯ ಕಣ್ಣು, ಬಳ್ಳಿಯ ನರ ಅಂತ ಸಣ್ಣ ಗೆರೆ ಕೊರೆದಿರುತ್ತಾರೆ. ಉಜ್ಜುವ ಮಷಿನ್ ಇಟ್ಟರೆ ಅದೆಲ್ಲ ಹೋಗುತ್ತದೆ, ಮರದ ಮಾಗಿದ ಬಣ್ಣವೂ ಹೋಗುತ್ತದೆ. ಮುಚ್ಚಳದ ಹಿಂಬದಿಯಲ್ಲಿ ಕಾಣದ ಜಾಗದಲ್ಲಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಸ್ವಲ್ಪ ಹೊತ್ತು ಇಡಿ. ಅಂಟಂಟಾದರೆ ಅರಗಿನ ಪಾಲಿಶ್. ಹಾಗಿದ್ದರೆ ಹಳೇ ಪಾಲಿಶ್ ತೆಗೆಯದೆ ಅದರ ಮೇಲೇ ತೆಳ್ಳಗೆ ಅರಗು ಕೊಡಬಹುದು, ಹಳೇದರ ಜೊತೆ ಕೂಡಿಕೊಳ್ಳುತ್ತದೆ.

ಬಿಟ್ಟಿರುವ ಅಂಚಿಗೆ ಫೆವಿಕಾಲ್ ಹಾಕಬೇಡಿ. ಮರವಜ್ರದಲ್ಲೇ ಕೂರಿಸಬೇಕು. ಮುಂದೆ ಯಾರಿಗಾದರೂ ಬಿಚ್ಚಬೇಕಾದರೆ ಬಿಸಿ ನೀರಿನ ಬಟ್ಟೆ ಇಟ್ಟರೆ ಅದು ಬಿಡುತ್ತದೆ. ಕಿತ್ತು ಬಂದ ಚೂರುಗಳಿದ್ದರೆ ಎಷ್ಟೇ ಸಣ್ಣದಾಗಿದ್ದರೂ ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ಜೊತೆಗೇ ತನ್ನಿ.